ಅಳತೆಯರಿತ ನಡಿಗೆ

ಔಷಧಕ್ಕೆ ಅಳತೆ ಉಂಟೆಂಬುದನ್ನು ಅರಿಯದವರಿಲ್ಲ. ಹೊತ್ತಿಗೊಂದು ಗುಳಿಗೆ ಎಂದು ಬರೆದಿದ್ದರೆ, ಬೇಗ ಗುಣವಾಗಲೆಂದು ನಾಲ್ಕನ್ನು ಒಮ್ಮೆಗೇ ನುಂಗುವವರನ್ನು ನಾವು ಕಾಣೆವು. ಆದರೆ ವ್ಯಾಯಾಮಕ್ಕೂ ಅಂಥದೇ ಅಳತೆಯುಂಟು. ಹಲವು ಬೇನೆಗಳು ಒಂದೇ ದೇಹದಲ್ಲಿ ಮನೆಮಾಡಿಕೊಂಡವರಿಗಂತೂ ಆ ಅಳತೆಯೇ ರಕ್ಷಣೆ ಎಂಬುದನ್ನು ಅರಿತವರು ವಿರಳ. ಒಂದು ಕಡೆ, 'ಹೃದಯದ ಬೇನೆಯವರು ಅಲುಗಾಡಬಾರದು' ಎಂಬ ಮಾತು. ಇನ್ನೊಂದು ಕಡೆ, 'ಸಕ್ಕರೆ ಕಾಯಿಲೆಯವರು ದಿನಕ್ಕೊಂದು ತಾಸು ಬಿರುಸಾಗಿ ನಡೆಯಬೇಕು' ಎಂಬ ಮಾತು. ಇವೆರಡರ ನಡುವೆ ಸಿಲುಕಿದ ಹಿರಿಯರು ನಮ್ಮ ಮನೆಮನೆಗಳಲ್ಲಿ ಇದ್ದಾರೆ. ಶಾಲೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಮೂವತ್ತು ವರ್ಷ ವ್ಯಾಯಾಮ ಶಿಕ್ಷಕನಾಗಿ ದುಡಿದ ನನಗೆ ಇದಕ್ಕಿಂತ ಅಗತ್ಯವಾದ ವಿಷಯ ತೋರಲಿಲ್ಲ.

ನಮ್ಮ ಹಳಿಯಾಳ ಕುಸ್ತಿಗೆ ಹೆಸರಾದ ಊರು. ಗರಡಿಮನೆಯ ಮಣ್ಣನ್ನು ಒಮ್ಮೆ ಮೈಗೆ ಹಚ್ಚಿಕೊಂಡವರು ಈ ಅಳತೆಯ ಪಾಠವನ್ನು ಅಲ್ಲಿಯೇ ಕಲಿತಿರುತ್ತಾರೆ. ಬಲ್ಲ ಉಸ್ತಾದರು ಹೊಸ ಹುಡುಗನಿಂದ ಮೊದಲ ದಿನವೇ ನೂರು ಬೈಠಕ್ ಹೊಡೆಸುವುದಿಲ್ಲ. ಅವನ ತೊಡೆಯ ಬಲವೇನು, ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ, ಮನೆಯಲ್ಲಿ ಊಟಕ್ಕೆ ಏನಿದೆ ಎಂಬುದನ್ನೆಲ್ಲ ನೋಡಿ, ಹತ್ತರಿಂದ ತೊಡಗಿ ಮೆಲ್ಲಮೆಲ್ಲನೆ ಏರಿಸುತ್ತಾರೆ. ಜ್ವರದಿಂದ ಎದ್ದವನನ್ನು ಅಖಾಡಕ್ಕೆ ಇಳಿಯಗೊಡುವುದಿಲ್ಲ. ಇಂದಿನ ವೈದ್ಯರು ವ್ಯಾಯಾಮವನ್ನು ಚೀಟಿಯಲ್ಲಿ ಬರೆದುಕೊಡುವಾಗ ಕೇಳಿಕೊಳ್ಳುವ ಪ್ರಶ್ನೆಗಳೂ ಇವೇ: ಯಾವ ಬಗೆಯ ವ್ಯಾಯಾಮ? ವಾರಕ್ಕೆ ಎಷ್ಟು ಸಲ? ಎಷ್ಟು ಹೊತ್ತು? ಎಷ್ಟು ಬಿರುಸು? ವ್ಯತ್ಯಾಸ ಇಷ್ಟೆ. ಉಸ್ತಾದರ ಮುಂದೆ ನಿಂತವನು ನಿರೋಗಿಯಾದ ತರುಣ. ವೈದ್ಯರ ಮುಂದೆ ಕುಳಿತವರು ನಾಲ್ಕು ಬೇನೆಗಳ, ಏಳು ಗುಳಿಗೆಗಳ ಹಿರಿಯರು.

ಅಂಥವರ ಸಂಖ್ಯೆ ಅಲ್ಪವೆಂದು ಯಾರೂ ತಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿಗೂ ಮಿಗಿಲು. ವಯಸ್ಕರಲ್ಲಿ ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು ಮಂದಿಗೆ ಏರಿದ ರಕ್ತದೊತ್ತಡ. ಈ ಎರಡು ಬೇನೆಗಳು ಒಂದೇ ಮೈಯಲ್ಲಿ ಜೊತೆಗೂಡುವುದು ತೀರ ಸಾಮಾನ್ಯ. ವಯಸ್ಸು ಅರವತ್ತು ದಾಟಿತೆಂದರೆ ಮೊಣಕಾಲಿನ ಸವೆತ, ಹೃದಯದ ದೌರ್ಬಲ್ಯ, ದಮ್ಮು ಇವುಗಳಲ್ಲಿ ಒಂದಾದರೂ ಬಂದು ಸೇರುತ್ತದೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿದು ನಿವೃತ್ತರಾದವರು, ಹಳಿಯಾಳದ ಕಬ್ಬಿನ ಒಕ್ಕಲಿಗರು, ಜೋಯಿಡಾದ ಕಾಡಂಚಿನ ಹಳ್ಳಿಗರು, ಮುಂಡಗೋಡದ ಭತ್ತದ ರೈತರು ಎಂಬ ಭೇದ ಈ ಬೇನೆಗಳಿಗಿಲ್ಲ.

ವಿಶ್ರಾಂತಿಯೇ ರೋಗಿಗೆ ಪರಮೌಷಧವೆಂಬ ನಂಬಿಕೆ ನಮ್ಮ ಅಜ್ಜಿಯರದು ಮಾತ್ರವಲ್ಲ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿಯೇ ಇಡುವುದು ದೊಡ್ಡ ದೊಡ್ಡ ಆಸ್ಪತ್ರೆಗಳ ಪದ್ಧತಿಯಾಗಿತ್ತು. ೧೯೫೨ರಲ್ಲಿ ಅಮೆರಿಕದ ಬಾಸ್ಟನ್ ನಗರದ ಲೆವಿನ್ ಮತ್ತು ಲೌನ್ ಎಂಬ ವೈದ್ಯರು, ಅಂಥ ರೋಗಿಗಳನ್ನು ಬೇಗನೆ ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂಡಿಸುವುದು ಹಿತಕರವೆಂದು ತೋರಿಸಿದರು. ಕುರ್ಚಿಯಲ್ಲಿ ಕೂಡಿಸುವುದೂ ಅಂದಿಗೆ ಸಾಹಸವೇ ಆಗಿತ್ತು! ಮರುವರ್ಷ, ೧೯೫೩ರಲ್ಲಿ, ಲಂಡನ್ನಿನ ಜೆರಿ ಮಾರಿಸ್ ಎಂಬ ವೈದ್ಯರು ಆ ನಗರದ ಎರಡಂತಸ್ತಿನ ಬಸ್ಸುಗಳ ನೌಕರರ ಅಧ್ಯಯನವನ್ನು ಪ್ರಕಟಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯದ ಬೇನೆ ಕಡಿಮೆಯಿತ್ತು. ಅಲ್ಲಿಂದೀಚೆಗೆ ಈ ಜ್ಞಾನ ಬೆಳೆಯುತ್ತಲೇ ಬಂದಿದೆ. ಹೃದಯ ದುರ್ಬಲಗೊಂಡ ೨೩೩೧ ರೋಗಿಗಳ ಮೇಲೆ ನಡೆದು ೨೦೦೯ರಲ್ಲಿ ಪ್ರಕಟವಾದ ಪ್ರಯೋಗವೊಂದು, ಅಳತೆಯರಿತ ವ್ಯಾಯಾಮ ಅಂಥವರಿಗೂ ಅಪಾಯಕರವಲ್ಲವೆಂದು ತಿಳಿಸಿತು. ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊರಡಿಸಿದ ಸೂಚನೆಗಳಲ್ಲಿ ದೀರ್ಘಕಾಲದ ಬೇನೆಯುಳ್ಳವರಿಗಾಗಿಯೇ ಪ್ರತ್ಯೇಕ ಭಾಗವುಂಟು. ಶಕ್ತಿಯಿದ್ದವರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ ಗತಿಯ ಚಟುವಟಿಕೆಯಲ್ಲಿ ತೊಡಗಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡಬೇಕು. ಹಿರಿಯರು ಮೂರು ದಿನ ಸಮತೋಲದ ಅಭ್ಯಾಸವನ್ನೂ ಮಾಡಬೇಕು. ಇಷ್ಟು ಸಾಧ್ಯವಾಗದಿದ್ದರೆ ಸಾಧ್ಯವಾದಷ್ಟನ್ನು ಮಾಡಬೇಕು. ಸ್ವಲ್ಪದಿಂದ ತೊಡಗಿ ಏರಿಸಬೇಕು. ಈ ಕೊನೆಯ ಮಾತೇ ನನ್ನ ಲೇಖನದ ಬೀಜ.

ಈ ವಿಷಯ ನನಗೆ ಪುಸ್ತಕದ ವಿಷಯವಾಗಿ ಉಳಿಯದೆ ಮನೆಯ ವಿಷಯವಾದುದು ನನ್ನ ಹಿರಿಯ ಅಕ್ಕನ ದೆಸೆಯಿಂದ. ಹಳಿಯಾಳ ತಾಲೂಕಿನ ಒಂದು ಹಳ್ಳಿ ಆಕೆಯ ಗಂಡನ ಊರು. ಆಕೆಗೆ ಅರವತ್ತೆಂಟು ವರ್ಷ. ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ, ಅದರ ಬೆನ್ನಿಗೇ ರಕ್ತದೊತ್ತಡ, ಎರಡೂ ಮೊಣಕಾಲುಗಳಲ್ಲಿ ಸವೆತ. ಮೂರು ವರ್ಷಗಳ ಹಿಂದೆ ಒಂದು ಸಣ್ಣ ಹೃದಯಾಘಾತ. ಒಂದೊಂದು ಬೇನೆಗೆ ಒಬ್ಬೊಬ್ಬ ವೈದ್ಯರು. ಒಬ್ಬೊಬ್ಬರದು ಒಂದೊಂದು ಚೀಟಿ. ಒಬ್ಬರು ವಿಶ್ರಾಂತಿಯೆಂದರು, ಇನ್ನೊಬ್ಬರು ಪ್ರಾತಃಕಾಲ ಐದಕ್ಕೆದ್ದು ಒಂದು ತಾಸು ನಡೆಯಿರೆಂದರು, ಮತ್ತೊಬ್ಬರು ಮೊಣಕಾಲು ಸವೆದಿದೆ, ನಡಿಗೆ ಬೇಡವೆಂದರು. ಒಬ್ಬೊಬ್ಬರ ಮಾತಿನಲ್ಲಿಯೂ ಒಂದೊಂದು ಬೇನೆಯ ಮಟ್ಟಿಗೆ ಅರ್ಥವಿತ್ತು. ಆದರೆ ನಾಲ್ಕೂ ಬೇನೆಗಳನ್ನು ಹೊತ್ತ ಮನುಷ್ಯಳು ಒಬ್ಬಳೇ. "ಒಬ್ಬರು ಕುಂದ್ರು ಅಂತಾರ, ಒಬ್ಬರು ನಡಿ ಅಂತಾರ. ಕುಂತ್ರ ಸಕ್ಕರಿ ಏರತೈತಿ, ನಡದ್ರ ಮೊಣಕಾಲು ಅಳತಾವ. ನಾ ಯಾರ ಮಾತ ಕೇಳಲೋ ತಮ್ಮಾ?" ಎಂದು ಆಕೆ ಕೇಳಿದಳು. ಕೊನೆಗೆ ಕುಳಿತುಕೊಳ್ಳುವುದನ್ನೇ ಆರಿಸಿಕೊಂಡಳು. ಎರಡು ವರ್ಷಗಳಲ್ಲಿ, ಹಿತ್ತಲ ಬಾವಿಯಿಂದ ಕೊಡ ನೀರು ತರುತ್ತಿದ್ದವಳಿಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುವುದೂ ಕಷ್ಟವಾಯಿತು.

ಆಕೆಯ ಮನಸ್ಸಿನಲ್ಲಿ ಒಂದು ಆಸೆ ಮಾತ್ರ ಉಳಿದಿತ್ತು. ಜೋಯಿಡಾ ತಾಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯಿರುವುದನ್ನೂ, ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳಿಂದ ಚಕ್ಕಡಿ ಕಟ್ಟಿಕೊಂಡೂ ಕಾಲ್ನಡಿಗೆಯಿಂದಲೂ ಭಕ್ತರು ನಮ್ಮ ಊರುಗಳ ಮೇಲೆಯೇ ಹಾದುಹೋಗುವುದನ್ನೂ ಈ ಸಂಚಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಸೊಸೆಯಾಗಿ ಬಂದ ವರ್ಷ ಅಕ್ಕ ಆ ದಾರಿಯನ್ನು ನಡೆದಿದ್ದಳು. ಸಾಯುವುದರೊಳಗೆ ಇನ್ನೊಮ್ಮೆ ಬರಿಗಾಲಿನಲ್ಲಿ ನಡೆದು ಹೋಗಬೇಕೆಂಬುದು ಆಕೆಯ ಹರಕೆ.

ಗಣೇಶ ಚೌತಿ ಕಳೆದ ಮೇಲೆ, ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಆಕೆಯನ್ನು ಒಬ್ಬ ವೈದ್ಯರ ಬಳಿಗೆ ಕರೆದೊಯ್ದೆ. ಅವರು ಮೊದಲು ನೋಡಿದುದು ಬೇನೆಗಳನ್ನಲ್ಲ, ಗುಳಿಗೆಗಳನ್ನು. ಹೃದಯಕ್ಕಾಗಿ ಆಕೆ ತೆಗೆದುಕೊಳ್ಳುತ್ತಿದ್ದ ಮೆಟೊಪ್ರೊಲಾಲ್ ನಾಡಿಯ ವೇಗವನ್ನು ಹಿಡಿದಿಡುತ್ತದೆ. ಆದುದರಿಂದ 'ನಾಡಿ ಇಷ್ಟು ಏರುವ ತನಕ ನಡೆ' ಎಂಬ ಲೆಕ್ಕ ಆಕೆಗೆ ಹೊಂದುವುದಿಲ್ಲ. ಸಕ್ಕರೆಗಾಗಿ ತೆಗೆದುಕೊಳ್ಳುತ್ತಿದ್ದ ಗ್ಲಿಮೆಪಿರೈಡ್, ಹಸಿದ ಹೊಟ್ಟೆಯಲ್ಲಿ ನಡೆದರೆ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಹಾಗೆ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಮೈ ಕೊಡುವ ಎಚ್ಚರಿಕೆಗಳು. ಆದರೆ ಮೊದಲು ಹೇಳಿದ ಹೃದಯದ ಗುಳಿಗೆ ಆ ಎಚ್ಚರಿಕೆಗಳನ್ನು ಮರೆಮಾಡುತ್ತದೆ, ಬೆವರುವುದೊಂದು ಉಳಿಯುತ್ತದೆ. ಒಂದು ಬೇನೆಯ ಮದ್ದು ಇನ್ನೊಂದು ಬೇನೆಯ ಗಂಟೆಯನ್ನು ಸದ್ದಿಲ್ಲದಂತೆ ಮಾಡುವುದೆಂದರೆ ಇದೇ. ಹಲವು ಬೇನೆಗಳವರಿಗೆ ಒಬ್ಬರಾದರೂ ಎಲ್ಲ ಚೀಟಿಗಳನ್ನು ಕೂಡಿಸಿ ಓದುವುದು ಏಕೆ ಅವಶ್ಯವೆಂಬುದು ನನಗೆ ಅಂದು ಮನದಟ್ಟಾಯಿತು.

ಆ ಬಳಿಕ ಅವರು ಹೃದಯದ ಪರೀಕ್ಷೆಗಳನ್ನು ಮಾಡಿಸಿದರು. ಕಣ್ಣಿನ ಒಳಪರದೆಯನ್ನು ತೋರಿಸಿ ಬರಲು ಹೇಳಿದರು. ಮಧುಮೇಹದಿಂದ ಕಣ್ಣಿನಲ್ಲಿ ಹೊಸ ರಕ್ತನಾಳಗಳು ಚಿಗುರಿದ್ದರೆ ಭಾರ ಎತ್ತುವುದು, ತಲೆ ಕೆಳಗೆ ಮಾಡುವುದು ಕಣ್ಣಿಗೇ ಮುಳುವಾದೀತು. ಅಕ್ಕನ ಪುಣ್ಯಕ್ಕೆ ಅಂಥದೇನೂ ಇರಲಿಲ್ಲ. ಆದರೆ ಪಾದಗಳಿಗೆ ತೆಳುವಾದ ನೈಲಾನ್ ಎಳೆಯನ್ನು ಮುಟ್ಟಿಸಿ ನೋಡಿದಾಗ, ಹೆಬ್ಬೆರಳಿನ ಕೆಳಗೆ ಆಕೆಗೆ ಸ್ಪರ್ಶವೇ ತಿಳಿಯಲಿಲ್ಲ. "ಬರಿಗಾಲಿನ ಹರಕೆಯನ್ನು ಬಿಡಬೇಕು" ಎಂದರು ವೈದ್ಯರು. ಅಕ್ಕ ಮುಖ ತಿರುಗಿಸಿದಳು. ಆಕೆಯ ಓಣಿಯಲ್ಲಿಯೇ ಒಬ್ಬರು ಬರಿಗಾಲಿನಲ್ಲಿ ದೂರದ ಜಾತ್ರೆಗೆ ನಡೆದು, ಕಾಲಿಗೆ ಚುಚ್ಚಿದ ಮುಳ್ಳು ತಿಳಿಯದೆ, ಕೀವಾಗಿ, ಎರಡು ಬೆರಳು ಕಳೆದುಕೊಂಡಿದ್ದರು. ನಾನು ಅದನ್ನು ನೆನಪಿಸಿದೆ. ದೇವಸ್ಥಾನದ ಬಾಗಿಲವರೆಗೆ ಮೆತ್ತನೆಯ ಮುಚ್ಚಿದ ಪಾದರಕ್ಷೆ, ಒಳಗೆ ಕಾಲುಚೀಲ, ನಡೆದು ಬಂದ ಪ್ರತಿಸಲವೂ ಮೊಮ್ಮಗಳು ಅಂಗಾಲನ್ನು ನೋಡುವುದು ಎಂಬ ಒಪ್ಪಂದವಾಯಿತು.

ಅಂಗಮರ್ದನದ ವೈದ್ಯರೆಂದು ಜನ ಕರೆಯುವ ಫಿಜಿಯೋಥೆರಪಿ ತಜ್ಞೆಯೊಬ್ಬರು ಆಕೆಯನ್ನು ಉದ್ದನೆಯ ಮೊಗಸಾಲೆಯಲ್ಲಿ ಆರು ನಿಮಿಷ ನಡೆಸಿದರು. ನಡುವೆ ಎರಡು ಸಲ ನಿಂತು ಆಕೆ ೨೧೦ ಮೀಟರು ನಡೆದಳು. ಅದೇ ಆಕೆಯ ಮೊದಲ ಅಳತೆ. ಅದರ ಮೇಲೆ ಬರೆದ ಚೀಟಿ ಹೀಗಿತ್ತು: ಊಟವಾದ ಒಂದು ತಾಸಿನ ಮೇಲೆ, ದಿನಕ್ಕೆ ಮೂರು ಸಲ, ಐದೈದು ನಿಮಿಷ ಸಮತಟ್ಟಾದ ನೆಲದಲ್ಲಿ ನಡಿಗೆ, ವಾರಕ್ಕೊಮ್ಮೆ ಒಂದು ನಿಮಿಷದ ಏರಿಕೆ. ಬಿರುಸಿನ ಲೆಕ್ಕಕ್ಕೆ ಗಡಿಯಾರವೂ ಬೇಡ, ನಾಡಿಯೂ ಬೇಡ. ನಡೆಯುತ್ತ ಪಕ್ಕದವರೊಡನೆ ಮಾತನಾಡಲು ಬರಬೇಕು, ಆದರೆ ಹಾಡಲು ಉಸಿರು ಸಾಲದಂತಿರಬೇಕು. ಎರಡು ಮಾತಿಗೇ ಏದುಸಿರು ಬಂದರೆ ಬಿರುಸು ಹೆಚ್ಚಾಯಿತು. ವಾರಕ್ಕೆ ಎರಡು ದಿನ, ಎತ್ತರದ ಗಟ್ಟಿ ಕುರ್ಚಿಯಿಂದ ಎದ್ದು ಕೂಡುವುದು ಎಂಟು ಸಲ. ಏಳುವಾಗ ಉಸಿರನ್ನು ಬಿಡಬೇಕೇ ಹೊರತು ಬಿಗಿಹಿಡಿಯಬಾರದು, ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ತೊಡೆಯ ಮುಂಭಾಗದ ಸ್ನಾಯು ಬಲಿತಷ್ಟೂ ಮೊಣಕಾಲಿನ ಮೇಲಿನ ಭಾರ ಹಗುರಾಗುತ್ತದೆ. ಸವೆದ ಮೊಣಕಾಲಿಗೆ ವ್ಯಾಯಾಮ ಬೇಡವೆಂಬುದಕ್ಕಿಂತ ತಕ್ಕ ವ್ಯಾಯಾಮ ಬೇಕೆಂಬುದು ಸರಿ. ನೋವು ತುಸು ಬಂದು ಮರುದಿನಕ್ಕೆ ಇಳಿದರೆ ಭಯವಿಲ್ಲ. ಮರುದಿನವೂ ಉಳಿದರೆ, ಬಾವು ಬಂದರೆ, ಅಳತೆಯನ್ನು ಇಳಿಸಬೇಕು. ನಡಿಗೆಯ ಮೊದಲ ಎರಡು ನಿಮಿಷ, ಕೊನೆಯ ಎರಡು ನಿಮಿಷ ನಿಧಾನ. ಥಟ್ಟನೆ ನಿಂತರೆ ತಲೆ ಸುತ್ತೀತು.

ಚೀಟಿಯ ಹಿಂಬದಿಯಲ್ಲಿ ನಡೆಯಬಾರದ ದಿನಗಳ ಪಟ್ಟಿಯಿತ್ತು. ಜ್ವರವಿದ್ದ ದಿನ, ರಕ್ತದೊತ್ತಡ ೧೮೦/೧೧೦ ದಾಟಿದ ದಿನ, ರಕ್ತದ ಸಕ್ಕರೆ ೭೦ಕ್ಕೆ ಇಳಿದ ಹೊತ್ತು, ಅಥವಾ ೨೫೦ಕ್ಕೂ ಏರಿ ಮೈ ಸರಿಯಿಲ್ಲದ ಹೊತ್ತು, ಎರಡು ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿ ಕಾಲು ಬಾತ ದಿನ. ಸಕ್ಕರೆ ೯೦ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಹೊರಡಬೇಕು. ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಬೇಕು. ತಣ್ಣನೆಯ ಬೆವರು ಬಂದು ಕಣ್ಣು ಮಂಜಾದರೆ ಮೂರು ಚಮಚ ಸಕ್ಕರೆ ತಿಂದು ಕೂಡಬೇಕು. ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ಎಂದೂ ಇಲ್ಲದ ಏದುಸಿರು, ಕಣ್ಣು ಕತ್ತಲೆ ಬಂದರೆ ಆ ಕ್ಷಣವೇ ನಿಲ್ಲಬೇಕು. ನಿಂತರೂ ಇಳಿಯದಿದ್ದರೆ ೧೦೮ರ ವಾಹನವನ್ನು ಕರೆಯಬೇಕು, ನೆರೆಯವರ ಸಲಹೆಗಾಗಿ ಕಾಯಬಾರದು.

ಇಷ್ಟೆಲ್ಲ ದೇಹದ ಲೆಕ್ಕ. ಇನ್ನೊಂದು ಲೆಕ್ಕವುಂಟು, ಅದು ನೆಲದ ಲೆಕ್ಕ. ನಗರದ ವೈದ್ಯರು 'ಐದಕ್ಕೆದ್ದು ನಡೆಯಿರಿ' ಎಂದು ಬರೆಯುವಾಗ ಅವರ ಕಣ್ಣ ಮುಂದೆ ದೀಪ ಬೆಳಗುವ ಡಾಂಬರು ರಸ್ತೆಯಿರುತ್ತದೆ. ಜೋಯಿಡಾದ ಹಳ್ಳಿಯಲ್ಲಿ ನಸುಕಿನ ಐದು ಗಂಟೆ ಕರಡಿ ತಿರುಗುವ ಹೊತ್ತು. ೨೦೦೭ರಲ್ಲಿ ಹುಲಿಗಳ ರಕ್ಷಣೆಗಾಗಿ ಘೋಷಿತವಾಗಿ ೨೦೧೫ರಲ್ಲಿ ಕಾಳಿಯ ಹೆಸರು ಪಡೆದ ಅರಣ್ಯ ಅಲ್ಲಿಯ ಮನೆಗಳ ಹಿತ್ತಲಿಗೇ ಹೊಂದಿಕೊಂಡಿದೆ. ಭತ್ತ ತೆನೆಗೂಡುವ ಕಾಲಕ್ಕೆ ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಆನೆಗಳು ಇಳಿಯುತ್ತವೆ. ಮಳೆಗಾಲದ ನಾಲ್ಕು ತಿಂಗಳು ಪಾಚಿಗಟ್ಟಿದ ಅಂಗಳದಲ್ಲಿ ಕಾಲಿಟ್ಟರೆ ಸೊಂಟ ಮುರಿಯುವ ಭಯ. ಮೂಳೆ ಟೊಳ್ಳಾದ ವೃದ್ಧೆಗೆ ಒಂದು ಬೀಳುವಿಕೆಯೇ ಎಲ್ಲ ಬೇನೆಗಳಿಗಿಂತ ದೊಡ್ಡ ಬೇನೆ. ಇಂಥಲ್ಲಿ ಹೊತ್ತು, ಜಾಗ ಬರೆಯದ ಚೀಟಿ ಅರ್ಧ ಚೀಟಿ. ಅಕ್ಕನ ನಡಿಗೆ ಹೊತ್ತೇರಿದ ಮೇಲೆ, ಮನೆಯ ಪಡಸಾಲೆಯಲ್ಲಿಯೇ ನಡೆಯಿತು. ಈ ಗೋಡೆಯಿಂದ ಆ ಗೋಡೆಗೆ ಹದಿನಾಲ್ಕು ಹೆಜ್ಜೆ. ತಿರುಗುವಲ್ಲಿ ಹಿಡಿಯಲೊಂದು ಕಂಬ. ಮೊಮ್ಮಗಳು ಜೋಳದ ಕಾಳಿಟ್ಟು ಸುತ್ತು ಎಣಿಸುತ್ತಿದ್ದಳು.

ಮುಂಡಗೋಡದ ಟಿಬೇಟಿಯನ್ ವಸಾಹತು ೧೯೬೬ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ವೃದ್ಧರು ಜಪಮಾಲೆ ಹಿಡಿದು ತಮ್ಮ ಮಂದಿರಗಳ ಸುತ್ತ ಪ್ರತಿನಿತ್ಯ ಪ್ರದಕ್ಷಿಣೆ ಹಾಕುವುದನ್ನು ನಾನು ಅನೇಕ ಸಲ ನಿಂತು ನೋಡಿದ್ದೇನೆ. ಸಮತಟ್ಟಾದ ದಾರಿ, ನಿಧಾನದ ಹೆಜ್ಜೆ, ಜೊತೆಗೆ ನಾಲ್ವರು, ದಣಿದಲ್ಲಿ ಕೂಡಲು ಕಟ್ಟೆ. ಸುರಕ್ಷಿತವಾದ ನಡಿಗೆಗೆ ವೈದ್ಯರು ಕೇಳುವುದೆಲ್ಲ ಅಲ್ಲಿ ತಾನಾಗಿ ಒದಗಿದೆ. ನಮ್ಮ ಊರಿನ ಗುಡಿಯ ಅಂಗಳಗಳೂ, ಶಾಲೆಯ ಮೈದಾನಗಳೂ ಸಂಜೆಯ ಹೊತ್ತು ಹಿರಿಯರಿಗೆ ಹೀಗೆಯೇ ಒದಗಲಾರವೆ?

'ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮವೇಕೆ?' ಎಂದು ಕೇಳುವವರುಂಟು. ಕಾಯಕದ ಮಹಿಮೆಯನ್ನು ನಾನು ಅಲ್ಲಗಳೆಯುವವನಲ್ಲ. ದುಡಿಮೆಯ ನಡಿಗೆಯೂ ನಡಿಗೆಯೇ, ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಆದರೆ ದುಡಿಮೆ ರೋಗಿಯ ಅಳತೆಯನ್ನು ಕೇಳುವುದಿಲ್ಲ. ಕಬ್ಬು ಕಡಿಯುವ ಕಾಲಕ್ಕೆ ಉಸಿರು ಬಿಗಿಹಿಡಿದು ಹೊರೆ ಎತ್ತುವುದು, ಬಿಸಿಲಲ್ಲಿ ನೀರಿಲ್ಲದೆ ನಿಲ್ಲುವುದು. ಕೆಲಸ ಮುಗಿದ ಮೇಲೆ ಮೂರು ತಿಂಗಳು ಕಟ್ಟೆಯ ಮೇಲೆ ಕೂಡುವುದು. ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವ ರಕ್ತದೊತ್ತಡದವರಿಗೆ ಬಿಸಿಲಿನ ದುಡಿಮೆ ತಲೆಸುತ್ತನ್ನು ತರುತ್ತದೆ. ಅಂಥವರಿಗೆ ಬೇಕಾದುದು ಇನ್ನಷ್ಟು ನಡಿಗೆಯಲ್ಲ. ಹೊರೆಯನ್ನು ಎರಡು ಮಾಡುವುದು, ನಡುನಡುವೆ ನೆರಳು, ನೀರು. ಅದನ್ನೂ ಚೀಟಿಯಲ್ಲಿ ಬರೆಯಬೇಕು.

ಮಾಘ ಬರುವ ಹೊತ್ತಿಗೆ ಅಕ್ಕನ ಐದು ನಿಮಿಷ ಇಪ್ಪತ್ತೈದಾಗಿತ್ತು. ಆರು ನಿಮಿಷಗಳ ಅಳತೆ ೨೧೦ರಿಂದ ೩೨೦ ಮೀಟರಿಗೆ ಏರಿತ್ತು. ಬೇನೆಗಳಲ್ಲಿ ಯಾವುದೂ ಮಾಯವಾಗಲಿಲ್ಲ, ಗುಳಿಗೆಗಳು ಏಳರಲ್ಲಿ ಆರಾದವು, ಅಷ್ಟೆ. ನಡುವೆ ಒಂದು ವಾರ ಕೆಮ್ಮು ಜ್ವರ ಬಂದು ಎಲ್ಲವೂ ನಿಂತು, ಮತ್ತೆ ಹತ್ತು ನಿಮಿಷದಿಂದ ತೊಡಗಬೇಕಾಯಿತು. ಜಾತ್ರೆಗೆ ಮನೆಮಂದಿಯೆಲ್ಲ ಟೆಂಪೋದಲ್ಲಿ ಹೊರಟೆವು. ಉಳವಿ ಇನ್ನು ಒಂದು ಕಿಲೋಮೀಟರು ಇದೆಯೆನ್ನುವಾಗ ಆಕೆ ಇಳಿದು, ಮೆತ್ತನೆಯ ಪಾದರಕ್ಷೆ ತೊಟ್ಟು, ಕೋಲು ಹಿಡಿದು ನಡೆದಳು. ಮೂರು ಕಡೆ ಕುಳಿತಳು. ಒಂದು ಕಡೆ ಅರ್ಧ ರೊಟ್ಟಿ ತಿಂದಳು. ಪಕ್ಕದಲ್ಲಿ ಚಕ್ಕಡಿಗಳು ಗೆಜ್ಜೆ ಸದ್ದು ಮಾಡುತ್ತ ಮುಂದೆ ಹೋದವು, ಆಕೆ ಅವಸರಿಸಲಿಲ್ಲ. ದರ್ಶನವಾದ ಮೇಲೆ ಮೊಮ್ಮಕ್ಕಳು ಕಾಡಿನೊಳಗಿನ ಗವಿಗಳನ್ನು ನೋಡಲು ಹೊರಟಾಗ ಆಕೆಯ ಮನಸ್ಸೂ ಹೊರಟಿತು. ಏರಿಳಿತದ ದಾರಿ ಬೇಡವೆಂದು ವೈದ್ಯರು ಮೊದಲೇ ಹೇಳಿದ್ದರು. "ಗವಿ ಎಲ್ಲಿ ಓಡಿ ಹೋಗತಾವ? ಮುಂದಿನ ವರ್ಷಕ್ಕ ಇರ್ಲಿ" ಎಂದು ನೆರಳಿನಲ್ಲಿ ಕುಳಿತುಬಿಟ್ಟಳು. ಆ ಒಂದು ಕಿಲೋಮೀಟರು ನಡೆದುದಕ್ಕಿಂತ, ಮುಂದಿನ ನಡಿಗೆಯನ್ನು ತಾನಾಗಿ ತಡೆದುದೇ ನನಗೆ ದೊಡ್ಡದಾಗಿ ಕಂಡಿತು. ಅಳತೆ ಚೀಟಿಯಿಂದ ಮನಸ್ಸಿಗೆ ಇಳಿದಿತ್ತು.

ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಅಜ್ಜ ಅಜ್ಜಿಯರ ಎಲ್ಲ ಚೀಟಿಗಳನ್ನು ಒಂದು ಚೀಲದಲ್ಲಿ ಕೂಡಿಸಿಡಿರಿ. ಮುಂದಿನ ಸಲ ಅವರು ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಜೊತೆಗೆ ಹೋಗಿರಿ. 'ನಡೆಯಬಹುದೇ?' ಎಂದಷ್ಟೇ ಕೇಳದೆ, 'ಎಷ್ಟು ಹೊತ್ತು, ಯಾವಾಗ, ಎಲ್ಲಿ, ಯಾವ ದಿನ ನಡೆಯಬಾರದು?' ಎಂದು ಕೇಳಿ ಬರೆಸಿಕೊಳ್ಳಿರಿ. ಬಳಿಕ ದಿನಕ್ಕೆ ಐದು ನಿಮಿಷ ಅವರ ಪಕ್ಕದಲ್ಲಿ ನಡೆಯಿರಿ, ಮಾತನಾಡುತ್ತ ನಡೆಯಿರಿ. ಅವರ ಉಸಿರಿಗೆ ನಿಮ್ಮ ಮಾತಿಗೆ ಉತ್ತರ ಕೊಡುವಷ್ಟು ಬಿಡುವಿದ್ದರೆ, ಅಳತೆ ಸರಿಯಾಗಿದೆಯೆಂದು ತಿಳಿಯಿರಿ.